ಕಿವಿಯಿಂದ ಕೈಗೆ: ಗೋಕಾಕ ಸೀಮೆಯ ಇಂಗ್ಲಿಷ್ ತರಗತಿ

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ವಲಯಗಳ ಸರ್ಕಾರಿ ಕನ್ನಡ ಶಾಲೆಗಳಲ್ಲಿ, ರಾಜ್ಯದ ಇತರೆಡೆಗಳಂತೆಯೇ, 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತದೆ. ಆದರೆ ಹೊಲ, ಸಂತೆ, ಸಕ್ಕರೆ ಕಾರ್ಖಾನೆಗಳಲ್ಲೆಲ್ಲ ಕನ್ನಡವೂ ಅಲ್ಲಲ್ಲಿ ಮರಾಠಿ, ಉರ್ದುಗಳೂ ನಡೆಯುವ ಈ ಸೀಮೆಯಲ್ಲಿ ಮಗುವಿನ ಕಿವಿಗೆ ಇಂಗ್ಲಿಷ್ ಬೀಳುವುದು ಬಹುಮಟ್ಟಿಗೆ ಆ ಒಂದು ಅವಧಿಯಲ್ಲಿ ಮಾತ್ರ. ಅದೂ ಹಲಗೆಯ ಮೇಲಿನ ಪ್ರಶ್ನೋತ್ತರಗಳನ್ನು ನಕಲು ಮಾಡುವುದರಲ್ಲೇ ಕಳೆದುಹೋದರೆ ಸುಧಾರಿಸುವುದು ಕೈಬರಹವೇ ಹೊರತು ಭಾಷೆಯಲ್ಲ.

ಆದ್ದರಿಂದ ಬರಹಕ್ಕೆ ಮುನ್ನ ಆಲಿಸುವಿಕೆ ಬರಬೇಕು. ಶಿಕ್ಷಕರು ಹತ್ತು ವಾಕ್ಯಗಳ ಕಥೆಯೊಂದನ್ನು ಹಾವಭಾವದೊಂದಿಗೆ ಎರಡು ಸಲ ಓದಿ, ಅದರ ಸಾರವನ್ನು ಮಕ್ಕಳಿಂದ ಕನ್ನಡದಲ್ಲೇ ಹೇಳಿಸಿ, ಬಳಿಕ ವಾಕ್ಯ ಚೌಕಟ್ಟನ್ನು, ಅಂದರೆ ಒಂದೆರಡು ಪದಗಳ ಜಾಗವನ್ನಷ್ಟೇ ಖಾಲಿ ಬಿಟ್ಟ ಸಿದ್ಧ ವಾಕ್ಯವನ್ನು, ಕೊಟ್ಟು ಮಾತಾಡಿಸಬಹುದು. ಗೋಕಾಕದ ಹೆಸರಾಂತ ಮರದ ಗೊಂಬೆಯೊಂದನ್ನು ಮೇಜಿನ ಮೇಲಿಟ್ಟು, ಅದರ ಬಣ್ಣವೇನು, ಯಾವುದರಿಂದ ಮಾಡಿದ್ದು, ಯಾರು ಮಾಡುತ್ತಾರೆ ಎಂಬುದನ್ನು ಇಬ್ಬಿಬ್ಬರು ಮಕ್ಕಳು ಪರಸ್ಪರ ಇಂಗ್ಲಿಷಿನಲ್ಲಿ ಕೇಳಿ ಹೇಳಿದರೆ, ದೊಡ್ಡ ತರಗತಿಯಲ್ಲೂ ಪ್ರತಿ ಮಗುವಿನ ಬಾಯಿ ತೆರೆಯುತ್ತದೆ. ಆಮೇಲೆ ಅದೇ ಮಾತುಗಳು ನೋಟ್‌ಬುಕ್ಕಿಗೆ ಇಳಿದಾಗ ಅದು ಮಕ್ಕಳ ಸ್ವಂತ ಬರಹವಾಗುತ್ತದೆ.

ಓದಿನ ತೊಡಕು ಬೇರೆ ಬಗೆಯದು. ಕನ್ನಡದಲ್ಲಿ ಅಕ್ಷರದ ಹೆಸರೂ ಉಚ್ಚಾರವೂ ಒಂದೇ ಆಗಿರುವುದರಿಂದ, ‘ಸಿ, ಎ, ಟಿ’ ಎಂದು ಬಿಡಿಸಿ ಓದಿದ ಮಗುವಿಗೆ ‘ಕ್ಯಾಟ್’ ಹೇಗೆ ಹುಟ್ಟಿತೆಂಬುದು ತಿಳಿಯುವುದಿಲ್ಲ. ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯನ್ನು ಕಲಿಸುವ ಫೋನಿಕ್ಸ್ ಕ್ರಮ ಬೇಕಾಗುವುದು ಇಲ್ಲಿಯೇ. ‘ಬಸ್ಸು’, ‘ಬುಕ್ಕು’ ಎಂದು ಕೊನೆಗೆ ಸ್ವರ ಸೇರಿಸುವುದು ಕನ್ನಡದ ಧ್ವನಿನಿಯಮದ ಫಲವಾದ್ದರಿಂದ ಅದನ್ನು ತಿದ್ದಬೇಕೇ ಹೊರತು ನಗೆಪಾಟಲಿಗೆ ಗುರಿಮಾಡಬಾರದು.

ಇಂಗ್ಲಿಷ್ ಅವಧಿಯಲ್ಲಿ ಕನ್ನಡ ಸುಳಿಯಲೇಬಾರದೆಂಬ ಹಟಕ್ಕೂ ಆಧಾರ ಸಾಲದು. ಈ ಎರಡು ಭಾಷೆಗಳು ಒಂದಕ್ಕೊಂದು ವೈರಿಗಳಲ್ಲ: ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತಿದ್ದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ಶಿಫಾರಸು ಮಾಡಿದ್ದು ಅವರ ಅಧ್ಯಕ್ಷತೆಯ ಸಮಿತಿಯೇ.

ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿನ 80 ಅಂಕಗಳ ಲಿಖಿತ ಪರೀಕ್ಷೆ ಮಾತನ್ನು ಅಳೆಯುವುದಿಲ್ಲ. ಶಾಲೆಯ ಕೈಯಲ್ಲೇ ಇರುವ 20 ಆಂತರಿಕ ಅಂಕಗಳನ್ನಾದರೂ ಶಿಕ್ಷಕರು ಆಲಿಸುವಿಕೆಗೂ ಮಾತಿಗೂ ಪ್ರಾಮಾಣಿಕವಾಗಿ ಬಳಸಬೇಕು.