ಜಾವರದ ಬರಿದಾದ ಗುಹೆಗಳು

ಉದಯಪುರದ ದಕ್ಷಿಣಕ್ಕಿರುವ ಜಾವರದ ಪ್ರಾಚೀನ ಗಣಿಗಳನ್ನು ಕುರಿತು ಮಾತನಾಡಬಯಸುತ್ತೇನೆ. ಅಲ್ಲಿನ ಅರಾವಳಿ ಬೆಟ್ಟಗಳ ಡಾಲೊಮೈಟ್ ಶಿಲೆ 150 ಕೋಟಿ ವರ್ಷಗಳಿಗೂ ಹಿಂದೆ ಕಡಲಿನಲ್ಲಿ ಶೇಖರವಾದ ಸುಣ್ಣದ ಕೆಸರಿನಿಂದಾದುದು. ಅದರೊಳಗೆ ಗಂಧಕದೊಡನೆ ಕೂಡಿ ಸೀಸವು ಗಲೀನವಾಗಿ, ಸತುವು ಸ್ಫಾಲರೈಟಾಗಿ ನೆಲೆಗೊಂಡಿತು. ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು ಬಿರಿಯಿಸಿ, ಅದಿರು ಹರಿದ ದಾರಿಯಲ್ಲಿಯೇ ಒಳಹೊಕ್ಕರು. ಆದುದರಿಂದ ಅಲ್ಲಿನ ಗುಹೆಗಳ ಆಕಾರವೆಂದರೆ ಬಹುಮಟ್ಟಿಗೆ ಇಲ್ಲವಾದ ಅದಿರಿನ ಆಕಾರವೇ.

ಸತುವು ಸುಲಭವಾಗಿ ಕೈಗೆ ಸಿಕ್ಕುವ ಲೋಹವಲ್ಲ. 907 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಕುದಿದು ಆವಿಯಾಗುತ್ತದೆ. ಅದಿರಿನಿಂದ ಬಿಡುಗಡೆ ಹೊಂದಲು ಅದಕ್ಕೂ ಹೆಚ್ಚಿನ ಶಾಖ ಬೇಕು. ಆ ಆವಿಗೆ ಗಾಳಿ ಸೋಕಿದರೆ ಉಳಿಯುವುದು ಬಿಳಿಯ ಭಸ್ಮ. ಜಾವರದವರು ಬದನೆಕಾಯಿಯಾಕಾರದ ಮಣ್ಣಿನ ಮೂಸೆಗಳನ್ನು ಬಾಯಿ ಕೆಳಗಾಗಿಸಿ ನಿಲ್ಲಿಸಿ, ಆವಿಯನ್ನು ಕೆಳಗಿನ ತಂಪು ಅಂಕಣಕ್ಕಿಳಿಸಿ ಲೋಹವಾಗಿಸಿದರು. 1983ರ ಉತ್ಖನನದಲ್ಲಿ ಒಂದೊಂದರಲ್ಲೂ 36 ಮೂಸೆಗಳಿದ್ದ ಕುಲುಮೆಗಳು ದೊರೆತವು.

ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಸತುವಿನ ಭಟ್ಟಿಯಿಳಿಸುವಿಕೆಗೆ ಹಕ್ಕುಪತ್ರ ಪಡೆದುದು 1738ರಲ್ಲಿ; ಜಾವರದ ಕುಲುಮೆಗಳು ಅದಕ್ಕಿಂತ ಶತಮಾನಗಳಷ್ಟು ಹಿಂದಿನವು. ಚಾಂಪಿಯನ್ನನ ಹೆಸರು ಗ್ರಂಥಗಳಲ್ಲಿದೆ. ಜಾವರದ ಕುಶಲಿಗಳದಾಗಿ ನಾವು ಕಾಣಬಹುದಾದುದು, ಅವರು ಬಳಸಿ ಬಿಸುಟ ಮೂಸೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಮನೆಗೋಡೆಗಳು. ಚರಿತ್ರೆಯನ್ನು ಪುಸ್ತಕಗಳಲ್ಲಷ್ಟೇ ಅರಸುವ ನನ್ನಂಥವನಿಗೆ ಆ ಗೋಡೆಗಳು ಕಲಿಸುವ ಪಾಠ ಚಿಕ್ಕದಲ್ಲ.