ಸೋತವರ ಬಾಯಿಗೆ ಗೆದ್ದವರ ಮಾತು

(ಕಾಲೇಜು ವಿದ್ಯಾರ್ಥಿಗಳ ಇತಿಹಾಸ ಸಂಘದಲ್ಲಿ ಮಾಡಿದ ಭಾಷಣದ ಬರಹರೂಪ)



ಪಾತ್ರ ವಹಿಸಿ ಆಡುವ ಆಟದ ಬಗ್ಗೆ ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಮೇಜಿನ ಸುತ್ತ ನಾಲ್ಕಾರು ಮಂದಿ ಕೂರುತ್ತಾರೆ. ಒಬ್ಬರು ಕಥೆಯ ಸೂತ್ರ ಹಿಡಿಯುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ, ನಿರ್ಧಾರ ಕೈಗೊಳ್ಳುತ್ತಾರೆ. ಫಲವೇನೆಂಬುದನ್ನು ಹಲವು ಸಲ ದಾಳ ತೀರ್ಮಾನಿಸುತ್ತದೆ. ನಮ್ಮ ತಾಳಮದ್ದಳೆಯ ಅರ್ಥಧಾರಿ ವೇಷವಿಲ್ಲದೆ ಕುಳಿತು ಪಾತ್ರದ ಮಾತನ್ನು ಆ ಕ್ಷಣಕ್ಕೆ ಕಟ್ಟುತ್ತಾನಲ್ಲ, ಹೆಚ್ಚುಕಡಿಮೆ ಹಾಗೆಯೇ. 1974ರಲ್ಲಿ ಅಮೆರಿಕದಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಆಟವನ್ನು ಜನಪ್ರಿಯಗೊಳಿಸಿತು. ಅದನ್ನು ಪ್ರಾಚೀನ ಕೆಲ್ಟರ ಲೋಕದಲ್ಲಿ ಆಡಲೆಂದೇ 1992ರಲ್ಲಿ ಒಂದು ಕೈಪಿಡಿಯೂ ಬಂತು.

ಯಾರು ಈ ಕೆಲ್ಟರು? ಇಂದಿನ ಫ್ರಾನ್ಸ್ ಮತ್ತು ಸುತ್ತಲಿನ ಸೀಮೆಯನ್ನು ರೋಮನ್ನರು ಗಾಲ್ ಎನ್ನುತ್ತಿದ್ದರು. ಅಲ್ಲಿನ ಬುಡಕಟ್ಟುಗಳಲ್ಲಿ ಒಂದು ದೊಡ್ಡ ಪಾಲು ತಮ್ಮ ನುಡಿಯಲ್ಲಿ ತಮ್ಮನ್ನು ಕೆಲ್ಟರೆಂದು ಕರೆದುಕೊಳ್ಳುತ್ತಿತ್ತೆಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ಬ್ರಿಟನ್ನಿನ ಬುಡಕಟ್ಟುಗಳಿಗೆ ಈ ಹೆಸರು ಅಂಟಿದ್ದು ಬಹಳ ಈಚೆಗೆ, ಅವರ ನುಡಿಗೂ ಗಾಲ್ ನುಡಿಗೂ ಇರುವ ನಂಟನ್ನು ವಿದ್ವಾಂಸರು ಗುರುತಿಸಿದ ಮೇಲೆ.

ಇವರ ನಾಯಕರ ಪಾತ್ರ ವಹಿಸಲು ಹೊರಟವರಿಗೆ ಮೊದಲ ತೊಡಕು ಎದುರಾಗುವುದೇ ಇಲ್ಲಿ. ಅವರು ಬರೆದಿಟ್ಟ ಇತಿಹಾಸ ನಮ್ಮ ಕೈಯಲ್ಲಿಲ್ಲ. ಅವರಿಗೆ ಅಕ್ಷರ ಗೊತ್ತಿರಲಿಲ್ಲವೆಂದಲ್ಲ. ಲೆಕ್ಕಪತ್ರಕ್ಕೆ ಗ್ರೀಕ್ ಲಿಪಿ ಬಳಸುತ್ತಿದ್ದರು, ನಾಣ್ಯಗಳ ಮೇಲೆ ಹೆಸರು ಕೊರೆಸುತ್ತಿದ್ದರು. ಆದರೆ ಡ್ರೂಯಿಡರೆಂಬ ಪಂಡಿತ ವರ್ಗ ತನ್ನ ವಿದ್ಯೆಯನ್ನು ಬಾಯಿಪಾಠದಲ್ಲೇ ಉಳಿಸಿಕೊಂಡಿತು. ಹೀಗಾಗಿ ಅವರ ನಾಯಕರ ಕಥೆ ನಮಗೆ ಸಿಗುವುದು ಶತ್ರುವಿನ ಲೇಖನಿಯಿಂದ!

ಬೌಡಿಕಾಳನ್ನೇ ನೋಡಿ. ಪೂರ್ವ ಬ್ರಿಟನ್ನಿನ ಐಸಿನಿ ಬುಡಕಟ್ಟಿನ ರಾಣಿ. ಗಂಡ ತೀರಿಕೊಂಡಾಗ ರೋಮನ್ನರು ರಾಜ್ಯ ಕಸಿದುಕೊಂಡರು, ಅವಳಿಗೆ ಛಡಿಯೇಟು ಕೊಟ್ಟರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಎಸಗಿದರು. ಕ್ರಿ.ಶ. 60-61ರಲ್ಲಿ ಅವಳು ಬಂಡೆದ್ದು ಲಂಡನ್ ಸೇರಿದಂತೆ ಮೂರು ಪಟ್ಟಣಗಳನ್ನು ಸುಟ್ಟಳು. ಎತ್ತರದ ನಿಲುವು, ಕರ್ಕಶ ದನಿ, ಸೊಂಟದವರೆಗೆ ಇಳಿದ ಕೆಂಗೂದಲು, ಕೊರಳಲ್ಲಿ ಚಿನ್ನದ ಕಂಠಿ: ಆಟಗಳಲ್ಲಿ ಕಾಣುವ ಈ ಚಿತ್ರ ಸುಮಾರು ಒಂದೂವರೆ ಶತಮಾನದ ನಂತರ ಬರೆದ ಕ್ಯಾಸಿಯಸ್ ಡಿಯೊನದು. ಅವನೂ ಅವನಿಗಿಂತ ಮೊದಲಿನ ಟ್ಯಾಸಿಟಸ್ಸನೂ ಯುದ್ಧಕ್ಕೆ ಮುನ್ನ ಅವಳಿಂದ ಭಾಷಣ ಮಾಡಿಸಿದ್ದಾರೆ. ಎರಡು ಭಾಷಣಗಳೂ ಬೇರೆ ಬೇರೆ! ಕಂಠಿಗೆ ಮಾತ್ರ ನೆಲದ ಸಾಕ್ಷ್ಯವಿದೆ. ಐಸಿನಿ ಸೀಮೆಯ ಸ್ನೆಟಿಷಮ್‌ನಲ್ಲಿ 1948ರಿಂದ ಮೊದಲ್ಗೊಂಡು ಚಿನ್ನ, ಬೆಳ್ಳಿಯ ಕಂಠಿಗಳ ರಾಶಿಯೇ ಸಿಕ್ಕಿದೆ. ಅವು ಅವಳ ಕಾಲಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯವು.

ಗಾಲ್ ನಾಡಿನ ವರ್ಸಿಂಗೆಟೊರಿಕ್ಸ್‌ನ ಉದ್ದ ಮೀಸೆಯ ಕಥೆಯೂ ಹೀಗೆಯೇ. ಆ ಮೀಸೆ 1865ರಲ್ಲಿ ಮೂರನೇ ನೆಪೋಲಿಯನ್ ನಿಲ್ಲಿಸಿದ ಭಾರಿ ಪ್ರತಿಮೆಯಲ್ಲಿದೆ. ಅವನ ಹೆಸರು ಹೊತ್ತ ಚಿನ್ನದ ನಾಣ್ಯಗಳಲ್ಲಿ ಇರುವುದು ಗಡ್ಡ ಮೀಸೆಯಿಲ್ಲದ ಯುವಕನ ಮುಖ. ಅದೂ ಅಪೊಲೊ ದೇವತೆಯ ಮಾದರಿಯದೆಂದು ಹಲವು ವಿದ್ವಾಂಸರ ಮತ.

ಹಾಗಾದರೆ ಪಾತ್ರ ಕಟ್ಟುವುದು ಯಾವುದರಿಂದ? ಆ ನಾಯಕನ ಕೈ ಕಟ್ಟಿಹಾಕಿದ್ದ ಸಂಗತಿಗಳಿಂದ ಎಂದು ನನಗನಿಸುತ್ತದೆ. ಕೆಲ್ಟ್ ನಾಯಕನೆಂದರೆ ಗರ್ಜಿಸಿದ ತಕ್ಷಣ ಎಲ್ಲರೂ ಕತ್ತಿ ಹಿರಿಯುವ ಸರ್ವಾಧಿಕಾರಿಯಲ್ಲ. ಐಡುಯಿ ಬುಡಕಟ್ಟಿನ ಮುಖ್ಯಸ್ಥನ ಆಯ್ಕೆ ವರ್ಷಕ್ಕೊಮ್ಮೆ. ಅಧಿಕಾರದಲ್ಲಿರುವಾಗ ಅವನು ಗಡಿ ದಾಟುವಂತಿರಲಿಲ್ಲ. ಅದೇ ಬುಡಕಟ್ಟಿನ ಅಣ್ಣತಮ್ಮಂದಿರಲ್ಲಿ ಡಿವಿಸಿಯಾಕಸ್ ರೋಮಿನ ಗೆಳೆಯ, ಡುಮ್ನೊರಿಕ್ಸ್ ರೋಮಿನ ವೈರಿ. ವರ್ಸಿಂಗೆಟೊರಿಕ್ಸ್‌ನ ತಂದೆ ದೊರೆಯಾಗಲು ಹವಣಿಸಿದನೆಂದು ಸ್ವಂತ ಜನರೇ ಅವನನ್ನು ಕೊಂದಿದ್ದರು. ಮಗ ದಂಗೆಗೆ ಕರೆಕೊಟ್ಟಾಗ ಮೊದಲು ಊರಿನಿಂದ ಹೊರದಬ್ಬಿದವರಲ್ಲಿ ಅವನ ಚಿಕ್ಕಪ್ಪನೂ ಇದ್ದ.

ಕ್ರಿ.ಪೂ. 52ರ ಒಂದು ಸಭೆಯನ್ನು ಊಹಿಸಿಕೊಳ್ಳಿ. ಸೀಸರನ ಸೈನ್ಯಕ್ಕೆ ಕಾಳು, ಮೇವು ಸಿಗದಂತೆ ನಮ್ಮ ಊರುಗಳನ್ನು ನಾವೇ ಸುಡಬೇಕೆಂಬುದು ವರ್ಸಿಂಗೆಟೊರಿಕ್ಸ್‌ನ ತಂತ್ರ. ಬಿಟುರಿಜೆಸ್ ಬುಡಕಟ್ಟಿನ ಇಪ್ಪತ್ತಕ್ಕೂ ಹೆಚ್ಚು ಊರುಗಳು ಒಂದೇ ದಿನ ಬೂದಿಯಾದವು. ಉಳಿದದ್ದು ಅವರಿಕಮ್, ಅಂದರೆ ಇಂದಿನ ಬೂರ್ಜ್. ಅದನ್ನಾದರೂ ಉಳಿಸಿಕೊಡಿ ಎಂದು ಅಲ್ಲಿನವರು ಕಾಲಿಗೆ ಬಿದ್ದರು. ಮೊದಲು ಒಪ್ಪದ ನಾಯಕ ಕೊನೆಗೆ ಮಣಿದ. ಸೀಸರ್ ಮುತ್ತಿಗೆ ಹಾಕಿ ಊರನ್ನು ಹಿಡಿದ. ಒಳಗಿದ್ದ ಸುಮಾರು 40,000 ಜನರಲ್ಲಿ ಬದುಕುಳಿದವರು 800 ಮಂದಿ ಎಂದು ಅವನೇ ಬರೆದಿದ್ದಾನೆ. ಅದೇ ವರ್ಷ ಅಲೇಸಿಯಾದಲ್ಲಿ ವರ್ಸಿಂಗೆಟೊರಿಕ್ಸ್ ಶರಣಾದ. ಕ್ರಿ.ಪೂ. 46ರಲ್ಲಿ ರೋಮಿನ ವಿಜಯೋತ್ಸವದಲ್ಲಿ ಅವನನ್ನು ಮೆರವಣಿಗೆ ಮಾಡಿ ಕೊಂದರು.

ಈ ಕಥೆಯೂ ಸೀಸರನದೇ ಎನ್ನುತ್ತೀರಾ? ನಿಜ. ಅವನು ರೋಮಿನಲ್ಲಿ ತನ್ನ ಹೆಸರು ಬೆಳೆಸಿಕೊಳ್ಳಲು ಬರೆದವನು; ಎದುರಾಳಿ ದೊಡ್ಡವನಾದಷ್ಟೂ ಗೆಲುವು ದೊಡ್ಡದು. ಆದುದರಿಂದ ಅವನ ಅಂಕಿಗಳನ್ನೂ ಬಾಯಿಗಿಟ್ಟ ಮಾತುಗಳನ್ನೂ ಅನುಮಾನದಿಂದಲೇ ನೋಡಬೇಕು. ಆದರೆ ಆ ಸಭೆಯ ಇಕ್ಕಟ್ಟು ಆಟಗಾರನಿಗೆ ದೊರೆಯುವ ನಿಜವಾದ ಬಂಡವಾಳ. ಆ ಜನರ ದನಿ ಅಳಿದುಹೋಗಿದೆ. ಅದರ ಜಾಗದಲ್ಲಿ ಬರೀ ಮೀಸೆ, ಅಬ್ಬರ ತುಂಬಿದರೆ ನಾವು ಗೆದ್ದವರ ಪರವಾಗಿಯೇ ಆಡಿದಂತೆ.

ನಿಮ್ಮ ಸಂಘದಲ್ಲಿ ಈ ಆಟ ಆಡುವುದಾದರೆ ಯುದ್ಧದಿಂದ ಶುರುಮಾಡಬೇಡಿ. ಒಬ್ಬರು ವರ್ಸಿಂಗೆಟೊರಿಕ್ಸ್ ಆಗಲಿ, ಒಬ್ಬರು ಒಪ್ಪದ ಚಿಕ್ಕಪ್ಪನಾಗಲಿ, ಇಬ್ಬರು ಅವರಿಕಮ್‌ನ ಹಿರಿಯರಾಗಲಿ. ದಾಳ ಪಕ್ಕಕ್ಕಿಟ್ಟು ಕೇಳಿ: ಊರನ್ನು ಸುಡಬೇಕೇ, ಉಳಿಸಬೇಕೇ?