ಅರ್ಧ ಅಂಕದ ಪಾಠ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನ್ನ ಸಾಧನೆಯ ಬಗ್ಗೆ ಮಾತಾಡಲು ಹೇಳಿದ್ದಾರೆ. ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ನಮ್ಮ ವಿಜ್ಞಾನದ ಮೇಷ್ಟ್ರು ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು. ‘ಐದು ಅಂದರೆ ಏನಪ್ಪಾ, ಐದು ಕೆ.ಜಿ.ಯೋ, ಐದು ಕಿಲೋಮೀಟರೋ?’ ಎಂದು ಕೇಳುತ್ತಿದ್ದರು. ನಾವು ನಗುತ್ತಿದ್ದೆವು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಕಾರ್ಖಾನೆಯ ಸಂಬಳದ ಪ್ರೋಗ್ರಾಂನಲ್ಲಿ ಒಂದು ಭಾಗ ನನ್ನ ಪಾಲಿಗೆ ಬಂತು. ನನ್ನ ಭಾಗ ಮೊತ್ತವನ್ನು ರೂಪಾಯಿಯಲ್ಲಿ ಕೊಡುತ್ತಿತ್ತು. ಬ್ಯಾಂಕಿಗೆ ಕಳಿಸುವ ಭಾಗ ಅದನ್ನು ಪೈಸೆ ಎಂದು ಓದುತ್ತಿತ್ತು. ಬಿಡಿಬಿಡಿಯಾಗಿ ಎರಡೂ ಸರಿ. ಕೂಡಿಸಿ ನೋಡುವ ತಾಳ್ಮೆ ನನಗಿರಲಿಲ್ಲ. 12,000 ರೂಪಾಯಿ ಬರಬೇಕಾದವರ ಖಾತೆಗೆ 120 ರೂಪಾಯಿ ಬಿತ್ತು. ಸಂಜೆ ಕಾರ್ಖಾನೆಯ ಲೆಕ್ಕಿಗರು ಫೋನ್ ಮಾಡಿ, ‘ನಾಳೆ ಮಗಳ ಫೀಸು ಕಟ್ಟಬೇಕು ಅಂತ ಒಬ್ಬ ಹೆಣ್ಣುಮಗಳು ಅಳುತ್ತಾ ನಿಂತಿದ್ದಾಳೆ’ ಎಂದರು. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಹಣ ಸೇರಲು ಎರಡು ದಿನ ಹಿಡಿಯಿತು. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಇಂಥ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಕೈತಪ್ಪಿಹೋಯಿತು. ಭೂಮಿಯ ಮೇಲಿದ್ದ ಒಂದು ಸಾಫ್ಟ್‌ವೇರ್ ಎಂಜಿನ್ನಿನ ತಳ್ಳುವಿಕೆಯ ಲೆಕ್ಕವನ್ನು ಪೌಂಡ್ ಬಲದಲ್ಲಿ ಕೊಟ್ಟಿತ್ತು; ಇನ್ನೊಂದು ಅದನ್ನು ನ್ಯೂಟನ್ ಎಂದುಕೊಂಡಿತ್ತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಲೆಕ್ಕ ತಪ್ಪಿ ನೌಕೆ ಗ್ರಹಕ್ಕೆ ತೀರಾ ಹತ್ತಿರ ಹೋಗಿಬಿಟ್ಟಿತು. ಅಲ್ಲಿಯೂ ನಮ್ಮ ಮೇಷ್ಟ್ರು ಇರಬೇಕಿತ್ತು!

ಅಂದಿನಿಂದ ಕೆಲವು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪ್ರೋಗ್ರಾಂನಲ್ಲಿ ಮೊತ್ತಕ್ಕೆ ಹೆಸರಿಡುವಾಗಲೇ ಅದು ರೂಪಾಯಿಯೋ ಪೈಸೆಯೋ ಎಂದು ಸೇರಿಸಿ ಬರೆಯುತ್ತೇನೆ. ಸೊನ್ನೆ ಕೊಟ್ಟರೇನು, ಖಾಲಿ ಬಿಟ್ಟರೇನು, ತಿಂಗಳೆಲ್ಲ ರಜೆ ಹಾಕಿದವರ ಲೆಕ್ಕ ಏನಾಗುತ್ತದೆ ಎಂದು ಪರೀಕ್ಷಿಸುತ್ತೇನೆ. ಒಬ್ಬರ ಸಂಬಳವನ್ನಾದರೂ ಕಾಗದದ ಮೇಲೆ ಲೆಕ್ಕ ಹಾಕಿ, ಬ್ಯಾಂಕಿಗೆ ಹೋಗುವ ಮೊತ್ತದೊಂದಿಗೆ ತಾಳೆ ನೋಡುತ್ತೇನೆ. ನನ್ನ ಕೋಡನ್ನು ಸಹೋದ್ಯೋಗಿಗೆ ಓದಲು ಕೊಡುತ್ತೇನೆ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ. ಒಮ್ಮೆ ಸಿಕ್ಕ ದೋಷಕ್ಕೆ ಒಂದು ಪರೀಕ್ಷೆ ಬರೆದಿಡುತ್ತೇನೆ. ಅದು ಮತ್ತೆ ನುಸುಳಿದರೆ ಕಂಪ್ಯೂಟರೇ ಎಚ್ಚರಿಸುತ್ತದೆ.

ಮಕ್ಕಳೇ, ಈ ಅಭ್ಯಾಸಕ್ಕೆ ಕಂಪ್ಯೂಟರ್ ಬೇಕಿಲ್ಲ. ಲೆಕ್ಕ ಮುಗಿದ ಮೇಲೆ ತಾಳೆ ನೋಡಿ. ಏಕಮಾನ ಬರೆಯಿರಿ. ಗೆಳೆಯರಿಗೆ ತೋರಿಸಿ, ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಬೇಡ! ತಪ್ಪಾದರೆ ಮುಚ್ಚಿಡಬೇಡಿ. ನಮ್ಮ ಲೆಕ್ಕದ ಆಚೆ ತುದಿಯಲ್ಲಿ ಯಾರದೋ ಮಗಳ ಫೀಸು ಇರುತ್ತದೆ.

ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸಾರ್, ಅಂದು ನೀವು ಕಳೆದ ಅರ್ಧ ಅಂಕಗಳಿಗೆ ನಾನು ಋಣಿ.